ಹಾರದ ಈಡು

ಕಿತ್ತೂರಿನಲ್ಲಿ ಅಕ್ಟೋಬರಿಗೆ ಉತ್ಸವವಿದೆ, ಡಿಸೆಂಬರಿಗಿಲ್ಲ. ಅಕ್ಟೋಬರ್ 23ರಿಂದ ಮೂರು ದಿನ ಊರು ಜನರಿಂದ ತುಂಬುತ್ತದೆ. 1824ರ ಆ ದಿನ ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯೆದುರು ಸತ್ತ. ಅವನಿಗೆ ತಗುಲಿದ ಗುಂಡು ಅಮಟೂರು ಬಾಳಪ್ಪನದು ಎಂದು ಬೈಲಹೊಂಗಲ ಸೀಮೆಯಲ್ಲಿ ಇಂದಿಗೂ ಹೇಳುತ್ತಾರೆ. ಆರು ವಾರ ಕಳೆದು, ಡಿಸೆಂಬರ್ ಮೊದಲ ವಾರದಲ್ಲಿ, ಅದೇ ಕೋಟೆ ಬಿತ್ತು. ಜನ ಅದಕ್ಕೆ ಕೊಡುವ ಕಾರಣವೂ ಬಂದೂಕಿನದ್ದೇ. ಒಳಗಿನವರೇ ಮದ್ದಿಗೆ ಸಗಣಿ ಬೆರೆಸಿದ್ದರು, ಹೀಗಾಗಿ ಈಡು ಹಾರಲಿಲ್ಲ.

ಹಾರಿದ ಒಂದು ಗುಂಡಿನ ಬಗ್ಗೆ ನಾಟಕ, ಸಿನಿಮಾ, ಲಾವಣಿ ಎಲ್ಲ ಆಗಿವೆ. ಹಾರದೆ ಉಳಿದವುಗಳನ್ನು ಮಾತ್ರ ‘ದ್ರೋಹ’ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದೇವೆ. ಬಂದೂಕು ಯಾಕೆ ಹಾರುವುದಿಲ್ಲ ಎಂಬುದನ್ನು ಒಬ್ಬ ಕಸಬುದಾರನ ಹಾಗೆ ಕೇಳಿ ನೋಡಬೇಕು ಎಂದು ನನಗೆ ಬಹಳ ದಿನದಿಂದ ಅನಿಸಿತ್ತು.

ಆ ಕಾಲದ ಬಂದೂಕಿಗೆ ಈಡು ತುಂಬುವುದು ಬಾಯಿಂದ. ಅಳತೆಯ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಗಟ್ಟಿಸಿ, ಆಮೇಲೆ ಕಿವಿಯ ಹತ್ತಿರದ ಬಟ್ಟಲಿಗೆ ಚಿಟಿಕೆ ರಂಜಕ ಇಡಬೇಕು. ಪಳಗಿದ ಸಿಪಾಯಿ, ಕಾಗದದಲ್ಲಿ ಸುತ್ತಿದ ತೋಟಾ ಕೈಯಲ್ಲಿದ್ದರೆ, ನಿಮಿಷಕ್ಕೆ ಮೂರು ಸಲ ಹೊಡೆಯಬಲ್ಲ. ಬತ್ತಿ ಬಂದೂಕಿನವನು ಅಷ್ಟೂ ಹೊಡೆಯಲಾರ. ಇದರಲ್ಲಿ ಕೆಡಲು ಎಷ್ಟು ದಾರಿಗಳಿವೆ ನೋಡಿ. ಮಳೆಗಾಲದ ತೇವ ಹೀರಿದ ಮದ್ದು ಹೆಂಟೆಗಟ್ಟುತ್ತದೆ. ಹತ್ತಿಪ್ಪತ್ತು ಸಲ ಹೊಡೆದರೆ ಮಸಿ ತುಂಬಿ ಕಿವಿ ಮುಚ್ಚಿಕೊಳ್ಳುತ್ತದೆ. ಆಗ ಬಟ್ಟಲಿನ ರಂಜಕ ಭಗ್ಗೆಂದರೂ ಒಳಗಿನ ಮದ್ದಿಗೆ ಕಿಡಿ ಮುಟ್ಟುವುದಿಲ್ಲ. ಗಜವನ್ನು ನಳಿಗೆಯಲ್ಲೇ ಮರೆತು ಹೊಡೆದುಬಿಟ್ಟರೆ ಮುಂದಿನ ಈಡು ತುಂಬಲು ಗಜವೇ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಗದ್ದಲದಲ್ಲಿ ಆಗುವ ಎಡವಟ್ಟು. 1863ರಲ್ಲಿ ಅಮೆರಿಕದ ಗೆಟಿಸ್‌ಬರ್ಗ್ ಕಾಳಗ ಮುಗಿದ ಮೇಲೆ ನೆಲದಿಂದ ಆಯ್ದ 27,000ಕ್ಕೂ ಹೆಚ್ಚು ಬಂದೂಕುಗಳಲ್ಲಿ ಸುಮಾರು 24,000 ಇನ್ನೂ ತುಂಬಿಯೇ ಇದ್ದವು. ಅವುಗಳಲ್ಲಿ ಬಹಳಷ್ಟರಲ್ಲಿ ಈಡಿನ ಮೇಲೆ ಈಡು. ಒಂದರಲ್ಲಂತೂ 23. ಮೊದಲನೆಯದು ಹಾರಿಲ್ಲ ಎಂಬುದೇ ಆ ಹುಡುಗನಿಗೆ ತಿಳಿದಿರಲಿಲ್ಲ. ಅಲ್ಲಿ ಯಾರೂ ಸಗಣಿ ಬೆರೆಸಿರಲಿಲ್ಲ.

ಕಿತ್ತೂರಿನ ನಂತರ ಈಡು ತುಂಬುವ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಹೆಚ್ಚು ದಿನ ಉಳಿಯಲಿಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಅಪ್ಪಣೆ ಬಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಊರು ಸುಟ್ಟುಹೋಯಿತು. 1878ರ ಶಸ್ತ್ರ ಕಾಯ್ದೆ ಉಳಿದದ್ದನ್ನು ಮುಗಿಸಿತು. (ಕೊಡವರಿಗೆ ವಿನಾಯಿತಿ ಸಿಕ್ಕಿದ್ದು ಬೇರೆಯೇ ಕತೆ.) ಮುಂದೆ ಬೆಳಗಾವಿ ಸೀಮೆಯ ರೈತನ ಮಗ ಬಂದೂಕು ಮುಟ್ಟಬೇಕಾದರೆ ಕಂಟೋನ್ಮೆಂಟಿಗೆ ಹೋಗಿ ಸಿಪಾಯಿಯಾಗಬೇಕಿತ್ತು. ಅಲ್ಲಿ ಅವನ ಕೈಗೆ ಬಂದದ್ದು ತ್ರೀ ನಾಟ್ ತ್ರೀ. ಪೊಲೀಸರ ಹೆಗಲ ಮೇಲೆ ನಾವೆಲ್ಲ ನೋಡಿದ ಲೀ-ಎನ್‌ಫೀಲ್ಡ್ ಅದೇ.

ಈ ರೈಫಲ್ಲಿಗೂ ಮೊದಲು ಒಂದೊಂದೇ ತೋಟಾ ತುಂಬಬೇಕಿತ್ತು. ದಕ್ಷಿಣ ಆಫ್ರಿಕದಲ್ಲಿ 1899ರಿಂದ ನಡೆದ ಯುದ್ಧದಲ್ಲಿ ಬೋಯರ್ ರೈತರು ತಮ್ಮ ಮೌಸರ್‌ಗಳಿಗೆ ಐದೈದನ್ನು ಒಮ್ಮೆಲೇ ತುಂಬುವುದನ್ನು ನೋಡಿ ಬ್ರಿಟಿಷರು ಬುದ್ಧಿ ಕಲಿತರು. 1903ರ ಮಾದರಿಯಲ್ಲಿ ಅದೇ ಉಪಾಯ ಬಂತು. ಅದು ಐದು ತೋಟಾಗಳ ಬುಡವನ್ನು ಕಚ್ಚಿ ಹಿಡಿಯುವ, ಬೆರಳುದ್ದದ ತೆಳು ಉಕ್ಕಿನ ಪಟ್ಟಿ. ಹೆಸರು ಚಾರ್ಜರ್ ಕ್ಲಿಪ್. ಬೋಲ್ಟ್ ಹಿಂದಕ್ಕೆಳೆದು, ಕ್ಲಿಪ್ಪನ್ನು ಮೇಲಿನ ಸಂದಿಗೆ ನಿಲ್ಲಿಸಿ, ಹೆಬ್ಬೆರಳಲ್ಲಿ ಒತ್ತಿದರೆ ಐದೂ ಮ್ಯಾಗಜೀನಿಗೆ ಇಳಿಯುತ್ತವೆ. ಎರಡು ಕ್ಲಿಪ್ಪಿಗೆ ಹತ್ತು, ಅಲ್ಲಿಗೆ ಭರ್ತಿ. ಬೋಲ್ಟ್ ಮುಂದೆ ತಳ್ಳಿದರೆ ಖಾಲಿ ಕ್ಲಿಪ್ ತಾನೇ ಹಾರಿ ಬೀಳುತ್ತದೆ.

ಆದರೆ ತೊಡಕು ತಪ್ಪಲಿಲ್ಲ, ಜಾಗ ಬದಲಿಸಿತು ಅಷ್ಟೇ. ಮೌಸರ್ ತೋಟಾದ ಬುಡ ಸಪಾಟು. ತ್ರೀ ನಾಟ್ ತ್ರೀ ತೋಟಾಕ್ಕೆ ಮೊಳೆಯ ತಲೆಯ ಹಾಗೆ ಹೊರಚಾಚಿದ ಅಂಚು ಇದೆ. ಮ್ಯಾಗಜೀನಿನಲ್ಲಿ ಮೇಲಿನದರ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಬಿತ್ತೋ, ಬೋಲ್ಟ್ ಮೇಲಿನದನ್ನು ತಳ್ಳುವಾಗ ಅದು ಕೆಳಗಿನದಕ್ಕೆ ಕೊಕ್ಕೆ ಹಾಕಿ ಎಳೆಯುತ್ತದೆ, ಎರಡೂ ಅಲ್ಲೇ ಕಚ್ಚಿಕೊಳ್ಳುತ್ತವೆ. ಅದಕ್ಕೇ ಕ್ಲಿಪ್ಪಿನಲ್ಲಿ ಅಂಚುಗಳನ್ನು ಒಂದು ಕೆಳಗೆ, ಒಂದು ಮೇಲೆ ಎಂದು ಜೋಡಿಸುವ ಕ್ರಮ ಬಂತು. ಬಾಗಿದ, ತುಕ್ಕು ಹಿಡಿದ ಪಟ್ಟಿಯನ್ನು ಬದಿಗಿಡಬೇಕು. ಹೆಬ್ಬೆರಳು ತೋಟಾದ ನಡುವೆ ಅಲ್ಲ, ಬುಡದ ಹತ್ತಿರ ಇರಬೇಕು. ತಡೆದು ತಡೆದು ಒತ್ತಬಾರದು, ಒಂದೇ ಒತ್ತು. ಕಚ್ಚಿಕೊಂಡರೆ ಬೋಲ್ಟಿನ ಜತೆ ಗುದ್ದಾಡದೆ ಎಲ್ಲ ಹೊರತೆಗೆದು ಮತ್ತೆ ತುಂಬಬೇಕು. ಮೊದಲ ಮಹಾಯುದ್ಧದಲ್ಲಿ ಮರಾಠಾ ಪಲ್ಟನ್ನುಗಳ ಸಿಪಾಯಿಗಳು ಮೆಸಪೊಟೇಮಿಯಾದ ಮರಳಿಗೆ ಹೋದದ್ದು ಇಂಥ ಪಾಠ ಕಲಿತ ಬೆರಳುಗಳೊಂದಿಗೆ.

ನನಗೆ ಕುತೂಹಲ ಹುಟ್ಟಿಸುವುದು ಇದು. ತೋಟಾ ಸಿಕ್ಕಿಕೊಂಡಾಗ ಆ ಸೈನ್ಯ ಕೇಳಿದ್ದು ಅಂಚು ಎಲ್ಲಿ ಕೂತಿತ್ತು ಎಂದು. ಉತ್ತರವನ್ನು ಕವಾಯತಿನ ಪುಸ್ತಕಕ್ಕೆ ಸೇರಿಸಿತು. ಕಿತ್ತೂರಿನಲ್ಲಿ ಈಡು ಹಾರದಿದ್ದಾಗ ನಾವು ಕೇಳಿದ್ದು ಯಾರು ಎಂದು. ಮಲ್ಲಪ್ಪಶೆಟ್ಟಿಯ ಹೆಸರು ಸಿಕ್ಕಿತು, ಹುಡುಕಾಟ ನಿಂತಿತು. ಸೋತವರ ಬಳಿ ಕವಾಯತಿನ ಪುಸ್ತಕ ಇರುವುದಿಲ್ಲ, ಲಾವಣಿ ಇರುತ್ತದೆ. ಲಾವಣಿಗೆ ಮಸಿ ಕಟ್ಟಿದ ಕಿವಿ ಬೇಕಿಲ್ಲ, ಒಬ್ಬ ಮನುಷ್ಯ ಬೇಕು. ಇದನ್ನು ತಪ್ಪೆಂದು ಹೇಳುತ್ತಿಲ್ಲ. ಕೋಟೆಯೊಳಗೆ ಒಡಕು ಇರಲಿಲ್ಲ ಎಂದೂ ಹೇಳುತ್ತಿಲ್ಲ.

ಆದರೆ ಡಿಸೆಂಬರಿನಲ್ಲಿ ಕಮಿಷನರ್ ಚಾಪ್ಲಿನ್ ಜತೆ ಬಂದದ್ದು ಗೋಡೆ ಒಡೆಯುವ ತೋಪುಗಳು. ಬಂದೂಕಿನ ಗುರಿ ನೂರು ಗಜದಾಚೆಗೆ ನಂಬಿಕೆಯದ್ದಲ್ಲ. ತೋಪು ಅದಕ್ಕಿಂತ ಎಷ್ಟೋ ದೂರ ನಿಂತು ಕೆಲಸ ಮಾಡುತ್ತದೆ. ಮದ್ದು ಚೊಕ್ಕವಿದ್ದರೂ ಆ ಬಂದೂಕುಗಳು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಇನ್ನು, ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತದ್ದು ಇದೇ ಡಿಸೆಂಬರಿನ ಕಾಳಗದಲ್ಲಿ. ಕೋಟೆಯ ಕಡೆಯ ಎಲ್ಲ ಈಡೂ ಹುಸಿ ಹೋಗಿರಲಿಲ್ಲ ಎನ್ನಲು ನನಗೆ ಅದೊಂದು ಸುಳಿವು.

ಮದ್ದು ಪರೀಕ್ಷಿಸುವ ಹಳೆಯ ರೀತಿ ಒಂದಿದೆ. ಚಿಟಿಕೆಯಷ್ಟನ್ನು ಕಾಗದದ ಮೇಲೆ ಇಟ್ಟು ಕಿಡಿ ಮುಟ್ಟಿಸುವುದು. ಒಳ್ಳೆಯ ಮದ್ದು ಥಟ್ಟನೆ ಉರಿದು ಹೋಗುತ್ತದೆ, ಕಾಗದಕ್ಕೆ ಹೆಚ್ಚು ಕಲೆಯಾಗುವುದಿಲ್ಲ. ಬೇರೇನಾದರೂ ಬೆರೆತಿದ್ದರೆ ಮೆಲ್ಲಗೆ ಹೊಗೆಯಾಡಿ, ಕಾಗದ ಸುಟ್ಟು, ಮಸಿ ಉಳಿಯುತ್ತದೆ. ಅಕ್ಟೋಬರಿನಲ್ಲಿ ಗುರಿ ತಪ್ಪದೆ ಹೊಡೆದವರಿಗೆ ಇಷ್ಟು ಗೊತ್ತಿರಲಿಲ್ಲ ಎಂದರೆ ನಾನು ಒಪ್ಪಲಾರೆ.