ಕೈಗಡಿಯಾರಕ್ಕೆ ಹೊಸ ಮುಖ

ಗಡಿಯಾರದಲ್ಲಿ ಮುಖ್ಯವಾದ ಅಂಗಗಳು ಎರಡು. ಒಂದು, ಕಾಲವನ್ನು ಅಳೆಯುವ ಯಂತ್ರ. ಇನ್ನೊಂದು, ಅಳೆದುದನ್ನು ಕಣ್ಣಿಗೆ ತೋರಿಸುವ ಡಯಲು. ಯಂತ್ರವು ಒಳಗಿದ್ದು ದುಡಿಯುವುದು. ಡಯಲು ಹೊರಗಿದ್ದು ಹೆಸರು ಪಡೆಯುವುದು. ‘ಮುಖ ನೋಡಿ ಮಣೆ ಹಾಕು’ ಎಂಬ ಗಾದೆ ಗಡಿಯಾರಗಳ ವಿಷಯದಲ್ಲಿಯೂ ನಡೆದುಬಂದಿದೆ. ಹಳೆಯ ಕೈಗಡಿಯಾರಗಳನ್ನು ಕೂಡಿಸುವ ಹವ್ಯಾಸಿಗಳು ಮೂಲದ ಡಯಲಿಗೆ ಹೆಚ್ಚಿನ ಬೆಲೆ ಕೊಡುವರು. ಡಯಲು ಬದಲಾಗಿದೆಯೆಂದರೆ ಮೂಗು ಮುರಿಯುವರು. ಆದರೆ ಈ ತೀರ್ಪು ಎಲ್ಲ ಗಡಿಯಾರಗಳಿಗೂ ಸಲ್ಲತಕ್ಕುದಲ್ಲ. ಬ್ರಿಟಿಷ್ ಸೇನೆಯ ಕೆಲವು ಕೈಗಡಿಯಾರಗಳ ಡಯಲು ಬದಲಾದುದಕ್ಕೆ ಗಟ್ಟಿಯಾದ ಕಾರಣವುಂಟು. ಆ ಕಾರಣವನ್ನು ಲೋಕಕ್ಕೆ ತಿಳಿಸಿಕೊಟ್ಟವರು ಅಮೆರಿಕದ ಕೆಲವು ಬಡ ಹೆಣ್ಣುಮಕ್ಕಳು. ಅದಕ್ಕೆ ಅವರು ತೆತ್ತುದು ತಮ್ಮ ಪ್ರಾಣವನ್ನು.

ಡಯಲನ್ನು ಬದಲಿಸುವ ಕೆಲಸವು ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ನಾಜೂಕು. ಡಯಲಿನ ಬೆನ್ನಿಗೆ ಸಾಮಾನ್ಯವಾಗಿ ಎರಡು ಸಣ್ಣ ಲೋಹದ ಕಾಲುಗಳಿರುವುವು. ಅವು ಯಂತ್ರದ ತಳತಗಡಿನ ರಂಧ್ರಗಳಲ್ಲಿ ಇಳಿದು ನಿಲ್ಲುವುವು. ಅಂಚಿನಲ್ಲಿರುವ ಸಣ್ಣ ತಿರುಪುಗಳು ಅವನ್ನು ಬಿಗಿಹಿಡಿದಿರುವುವು. ಕೆಲಸಗಾರನು ಯಂತ್ರವನ್ನು ಕವಚದಿಂದ ಹೊರತೆಗೆದು, ಮುಳ್ಳುಗಳನ್ನು ಕಿತ್ತು, ತಿರುಪುಗಳನ್ನು ಸಡಿಲಿಸಿ, ಡಯಲನ್ನು ನೇರವಾಗಿ ಮೇಲಕ್ಕೆತ್ತಬೇಕು. ಓರೆಯಾಗಿ ಎತ್ತಿದರೆ ಕಾಲು ಬಾಗುವುದು, ಇಲ್ಲವೆ ಮುರಿಯುವುದು. ಹೊಸ ಡಯಲನ್ನು ಕೂರಿಸಿದ ಮೇಲೆ ಗಂಟೆಯ ಮುಳ್ಳನ್ನೂ ನಿಮಿಷದ ಮುಳ್ಳನ್ನೂ 12ರ ನೇರಕ್ಕೆ ಕೂಡಿಸಬೇಕು. ಅವು ಒಂದಕ್ಕೊಂದು ತಗುಲದೆ, ಡಯಲಿಗೂ ಗಾಜಿಗೂ ತಾಗದೆ ತಿರುಗಬೇಕು. ಕಾಲುಗಳ ಸ್ಥಾನವು ಒಂದೊಂದು ಬಗೆಯ ಯಂತ್ರಕ್ಕೆ ಒಂದೊಂದು ರೀತಿ. ಆದುದರಿಂದ ಅಳತೆ ಒಂದೇ ಆಗಿದ್ದರೂ ಒಂದರ ಡಯಲು ಮತ್ತೊಂದಕ್ಕೆ ಹೊಂದುವುದೆಂಬ ಭರವಸೆಯಿಲ್ಲ.

ಇಷ್ಟು ತೊಡಕಿನ ಕೆಲಸವನ್ನು ಸರಿಯಾಗಿ ನಡೆಯುತ್ತಿದ್ದ ಗಡಿಯಾರಗಳಿಗೆ ಮಾಡಬೇಕಾಗಿ ಬಂದುದೇಕೆ? ಉತ್ತರವು ಡಯಲಿನ ಬಣ್ಣದಲ್ಲಿದೆ.

1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿಗಳು ರೇಡಿಯಂ ಎಂಬ ಧಾತುವನ್ನು ಕಂಡುಹಿಡಿದರು. ಅದರ ಲವಲೇಶವನ್ನು ಸತುವಿನ ಸಲ್ಫೈಡಿನೊಡನೆ ಬೆರೆಸಿದರೆ, ರೇಡಿಯಂ ಹೊರಚೆಲ್ಲುವ ಕಿರಣಗಳು ತಗುಲಿ ಆ ಸಲ್ಫೈಡು ಕತ್ತಲೆಯಲ್ಲಿ ಹಸುರಾಗಿ ಹೊಳೆಯುವುದು. 1914ರ ಮಹಾಯುದ್ಧದಲ್ಲಿ ಕಂದಕಗಳಲ್ಲಿದ್ದ ಸೈನಿಕರಿಗೆ ಇರುಳಿನಲ್ಲಿ ದೀಪ ಹಚ್ಚದೆ ಹೊತ್ತು ನೋಡುವುದು ಅಗತ್ಯವಾಯಿತು. ಜೇಬಿನ ಗಡಿಯಾರವು ಮುಂಗೈಗೆ ಏರಿತು. ಅದರ ಅಂಕಿಗಳಿಗೆ ರೇಡಿಯಂ ಬಣ್ಣ ಬಂದಿತು.

ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ಆರೆಂಜ್ ಪಟ್ಟಣದ ಕಾರ್ಖಾನೆಯಲ್ಲಿ 1917ರಿಂದ ಈ ಬಣ್ಣವನ್ನು ಬಳಿಯುವ ಕೆಲಸಕ್ಕೆ ಎಳೆಯ ಹೆಣ್ಣುಮಕ್ಕಳನ್ನು ಸೇರಿಸಿಕೊಂಡರು. ಅಂಕಿಯ ಗೆರೆ ಸಣ್ಣದಾಗಬೇಕಾದರೆ ಕುಂಚದ ತುದಿ ಮೊನಚಾಗಿರಬೇಕಷ್ಟೆ. ಅದನ್ನು ತುಟಿಗಳ ನಡುವೆ ಇಟ್ಟು ಮೊನಚು ಮಾಡಿಕೊಳ್ಳುವಂತೆ ಅವರಿಗೆ ಕಲಿಸಲಾಯಿತು. ಹೀಗೆ ಪ್ರತಿ ಡಯಲಿನೊಡನೆ ಒಂದಿಷ್ಟು ರೇಡಿಯಂ ಬಾಯಿಗೆ ಹೋಗುತ್ತಿದ್ದಿತು. ರಸಾಯನಜ್ಞರು ಸೀಸದ ಮರೆಯಲ್ಲಿ ನಿಂತು ಇಕ್ಕಳದಿಂದ ಮುಟ್ಟುತ್ತಿದ್ದ ವಸ್ತುವಿನಿಂದ ಅಪಾಯವೇನೂ ಇಲ್ಲವೆಂದು ಈ ಹುಡುಗಿಯರಿಗೆ ಹೇಳಿದ್ದರು.

ರೇಡಿಯಂ ದೇಹದಲ್ಲಿ ಸುಣ್ಣದ ಅಂಶದಂತೆ ವರ್ತಿಸಿ ಎಲುಬಿನಲ್ಲಿ ನೆಲೆಸುವುದು. ಕೆಲವು ವರ್ಷಗಳಲ್ಲಿ ಅವರ ಹಲ್ಲುಗಳು ಉದುರಿದುವು, ದವಡೆಗಳು ಕೊಳೆತುವು, ಎಲುಬುಗಳು ತಾವಾಗಿ ಮುರಿದುವು. 1922ರಲ್ಲಿ ತೀರಿಕೊಂಡ ಮಾಲಿ ಮ್ಯಾಗಿಯಾ ಎಂಬವಳ ಮರಣಕ್ಕೆ ಗುಹ್ಯರೋಗವೇ ಕಾರಣವೆಂದು ಬರೆದುಬಿಟ್ಟರು. ಸತ್ತವಳ ಮೇಲೆ ಬಿದ್ದ ಈ ಕಳಂಕವು ಹೋದುದು 1927ರಲ್ಲಿ ಶವವನ್ನು ಹೊರತೆಗೆದು ಪರೀಕ್ಷಿಸಿದಾಗ. ಅವಳ ಎಲುಬುಗಳಲ್ಲಿ ರೇಡಿಯಂ ಇದ್ದುದು ಸ್ಪಷ್ಟವಾಯಿತು. ಅದಕ್ಕೆ ಮೊದಲೇ, 1925ರಲ್ಲಿ, ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ವೈದ್ಯನು ರೋಗದ ಮೂಲವನ್ನು ಶಾಸ್ತ್ರೀಯವಾಗಿ ತೋರಿಸಿಕೊಟ್ಟಿದ್ದನು.

1927ರಲ್ಲಿ ಗ್ರೇಸ್ ಫ್ರೈಯರ್ ಮತ್ತು ಅವಳ ನಾಲ್ವರು ಸಂಗಾತಿಗಳು ಕಂಪೆನಿಯ ಮೇಲೆ ದಾವೆ ಹೂಡಿದರು. ಪೆಟ್ಟಾದ ಎರಡು ವರ್ಷಗಳೊಳಗೆ ದಾವೆ ತರಬೇಕೆಂಬುದು ಅಲ್ಲಿನ ಕಾನೂನು. ಈ ವಿಷವೋ ವರ್ಷಗಟ್ಟಲೆ ಅಡಗಿದ್ದು ಆಮೇಲೆ ಕಾಣಿಸಿಕೊಳ್ಳತಕ್ಕುದು. ಕಂಪೆನಿಯು ಆ ಅವಧಿಯನ್ನೇ ಗುರಾಣಿಯಾಗಿ ಹಿಡಿಯಿತು. ಕೊನೆಗೆ 1928ರ ಜೂನ್ ತಿಂಗಳಲ್ಲಿ ರಾಜಿಯಾಯಿತು: ತಲೆಗೆ 10,000 ಡಾಲರು, ವರ್ಷಕ್ಕೆ 600 ಡಾಲರು, ಅದರ ಮೇಲೆ ವೈದ್ಯದ ವೆಚ್ಚ. ಇಲಿನಾಯ್ ಸಂಸ್ಥಾನದ ಆಟವಾ ಪಟ್ಟಣದಲ್ಲಿ ಇದೇ ಕೆಲಸ ಮಾಡಿದ್ದ ಕ್ಯಾಥರೀನ್ ಡೊನಹ್ಯೂ 1938ರಲ್ಲಿ ತನ್ನ ವ್ಯಾಜ್ಯವನ್ನು ಗೆದ್ದಳು. ಅದೇ ವರ್ಷ ಕಣ್ಣು ಮುಚ್ಚಿದಳು. ಇವರ ದೇಹಗಳಿಂದ ತಿಳಿದುಬಂದ ಸಂಗತಿಗಳನ್ನು ಆಧರಿಸಿಯೇ 1941ರಲ್ಲಿ ಅಮೆರಿಕದಲ್ಲಿ ರೇಡಿಯಂ ಕೆಲಸಗಾರರಿಗೆ ಮಿತಿಯೊಂದನ್ನು ಗೊತ್ತುಪಡಿಸಿದರು: ದೇಹದಲ್ಲಿ ಒಂದು ಮೈಕ್ರೋಗ್ರಾಮಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ರೇಡಿಯಂ ಇರಕೂಡದು.

ಬಣ್ಣ ಬಳಿಯುವವರ ಮಾತು ಹೀಗಾಯಿತು. ಬಳಿದ ಗಡಿಯಾರಗಳ ಮಾತು ಇನ್ನೂ ಉಳಿದಿದ್ದಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಸ್ವಿಟ್ಜರ್ಲೆಂಡಿನ ಹನ್ನೆರಡು ಮನೆತನದ ಗಡಿಯಾರಗಳು ಬ್ರಿಟಿಷ್ ಸೇನೆಗೆ ಬಂದುವು. ಲಾಂಜೀನ್, ಒಮೇಗಾ, ಸೈಮಾ ಮೊದಲಾದುವು ಅವುಗಳಲ್ಲಿ ಸೇರಿದ್ದುವು. ಎಲ್ಲಕ್ಕೂ ಕಪ್ಪು ಡಯಲು, ರೇಡಿಯಂ ಗುರುತುಗಳು, ಸರ್ಕಾರದ ಸ್ವತ್ತೆಂದು ಸೂಚಿಸುವ ಬಾಣದ ಮುದ್ರೆ. ಕೆಲವು ವರ್ಷಗಳ ಮೇಲೆ ವಾಯುಪಡೆಯ ನಾವಿಕರಿಗೆ ಮಾರ್ಕ್ 11 ಎಂಬ ಕೈಗಡಿಯಾರ ಬಂದಿತು. ಅದರಲ್ಲಿಯೂ ಮೊದಲು ಇದ್ದುದು ರೇಡಿಯಮೇ. ಗಾಜು ಮುಚ್ಚಿರುವ ತನಕ ಕಟ್ಟಿಕೊಂಡವನಿಗೆ ಅಪಾಯ ಸ್ವಲ್ಪ. ದುರಸ್ತಿಗಾಗಿ ಬಿಚ್ಚಿದಾಗ ಉದುರುವ ಪುಡಿ ಕೆಲಸಗಾರನ ಉಸಿರಿಗೆ ಸೇರುವುದು. ನೂರಾರು ಗಡಿಯಾರಗಳು ಒಂದೇ ಕೋಣೆಯಲ್ಲಿದ್ದರೆ ರೇಡಾನ್ ಎಂಬ ವಿಷಾನಿಲವೂ ಕೂಡಿಕೊಳ್ಳುವುದು.

ಆದುದರಿಂದ 1960ರ ದಶಕದಲ್ಲಿ ಬ್ರಿಟಿಷ್ ರಕ್ಷಣಾ ಇಲಾಖೆಯು ಈ ಗಡಿಯಾರಗಳಲ್ಲಿ ಅನೇಕವನ್ನು ಬಿಚ್ಚಿಸಿ, ರೇಡಿಯಂ ಡಯಲುಗಳನ್ನು ತೆಗೆದು, ಟ್ರಿಟಿಯಂ ಬಳಿದ ಹೊಸ ಡಯಲುಗಳನ್ನು ಕೂರಿಸಿತು. ಟ್ರಿಟಿಯಂ ಕಿರಣವು ಗಡಿಯಾರದ ಗಾಜನ್ನು ದಾಟಲಾರದು. ಹನ್ನೆರಡು ವರ್ಷ ಚಿಲ್ಲರೆಯಲ್ಲಿ ಅರ್ಧಕ್ಕಿಳಿಯುವುದು. ರೇಡಿಯಂ ಅರ್ಧಕ್ಕಿಳಿಯಲು 1,600 ವರ್ಷ ಬೇಕು. ಹೊಸ ಡಯಲುಗಳ ಮೇಲೆ ವೃತ್ತದೊಳಗೆ ಒಂದು ‘ಟಿ’ ಅಕ್ಷರವನ್ನು ಮುದ್ರಿಸಿದರು. ಒಳಗಿನ ಯಂತ್ರವು ಹಳೆಯದೇ, ಅದರ ನಡೆಯೂ ಹಳೆಯದೇ, ಮುಖವೊಂದೇ ಹೊಸದು.

ಇಲ್ಲಿ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಹಳೆಯ ರೇಡಿಯಂ ಡಯಲು ಈಗ ಕತ್ತಲೆಯಲ್ಲಿ ಹೊಳೆಯದಿರುವುದನ್ನು ಕಂಡು, ಅದರ ಶಕ್ತಿ ಅಡಗಿತೆಂದು ತಿಳಿಯುವವರುಂಟು. ಅಡಗಿದುದು ಸಲ್ಫೈಡಿನ ಹೊಳಪು; ರೇಡಿಯಂ ಅಲ್ಲ. ನೂರು ವರ್ಷಗಳಲ್ಲಿ ಕ್ಷಯಿಸುವುದು ಅದರ ನೂರರಲ್ಲಿ ನಾಲ್ಕು ಪಾಲು ಮಾತ್ರ. ಅಂತಹ ಡಯಲನ್ನು ಕೆರೆಯುವುದಾಗಲಿ ಒರಸುವುದಾಗಲಿ ಕೂಡದು.

1993ರಲ್ಲಿ ಜಪಾನಿನ ನೆಮೋಟೋ ಸಂಸ್ಥೆಯವರು ವಿಕಿರಣವಿಲ್ಲದೆ ಬೆಳಗುವ ಬಣ್ಣವನ್ನು ಸಿದ್ಧಪಡಿಸಿದ ಮೇಲೆ ಈ ಭಯವೇ ಇಲ್ಲದ ಡಯಲುಗಳು ಬಂದುವು. ಆದರೂ ಹಳೆಯ ವಸ್ತುಗಳ ಪೇಟೆಯಲ್ಲಿ ರೇಡಿಯಂ ಮುಖಕ್ಕೇ ಮೇಲಾದ ಮಣೆ. ಮೂಲವಸ್ತುವಿನ ಮೇಲಣ ಮಮತೆ ತಪ್ಪಲ್ಲ. ಆದರೆ ವೃತ್ತದೊಳಗೆ ‘ಟಿ’ ಇರುವ ಡಯಲನ್ನು ಕುಂದೆಂದು ಎಣಿಸುವುದು ತಪ್ಪು. ಅದೂ ಆ ಗಡಿಯಾರದ ಚರಿತ್ರೆಯ ಒಂದು ಪುಟವೇ. ಆರೆಂಜ್ ಮತ್ತು ಆಟವಾದ ಹೆಣ್ಣುಮಕ್ಕಳು ನ್ಯಾಯಸ್ಥಾನದಲ್ಲಿ ಹೇಳಿದ ಮಾತನ್ನು ಲೋಕವು ತಡವಾಗಿಯಾದರೂ ಕೇಳಿಸಿಕೊಂಡಿತೆಂಬುದಕ್ಕೆ ಆ ಸಣ್ಣ ಅಕ್ಷರವು ಸಾಕ್ಷಿಯಾಗಿದೆ.