6ರಿಂದ 8ನೇ ತರಗತಿ ವಿಜ್ಞಾನ: ಮಕ್ಕಳು ಕಲಿಯುವುದೇನು? ಕನ್ನಡದಲ್ಲಿ ಓದಿದ ಪೋಷಕರು ನೆರವಾಗುವುದು ಹೇಗೆ?

ಊರಿನ ಕನ್ನಡ ಶಾಲೆಯಲ್ಲಿ ಓದಿ, ಕೆಲಸಕ್ಕಾಗಿ ಪುಣೆಗೋ ಚೆನ್ನೈಗೋ ಬಂದು ನೆಲೆಸಿದ ಅಪ್ಪ-ಅಮ್ಮಂದಿರಿಗೆ, ಮಕ್ಕಳು ಆರನೇ ತರಗತಿಗೆ ಬರುತ್ತಿದ್ದಂತೆ ಒಂದು ಅಳುಕು ಶುರುವಾಗುತ್ತದೆ. ಮಗಳು ‘ಫೋಟೋಸಿಂಥೆಸಿಸ್’ ಎಂದರೆ ಇವರಿಗೆ ನೆನಪಾಗುವುದು ದ್ಯುತಿಸಂಶ್ಲೇಷಣೆ. ‘ಬೇಸ್’ ಎಂದರೆ ಪ್ರತ್ಯಾಮ್ಲ ಎಂದು ಹೊಳೆಯುವಷ್ಟರಲ್ಲಿ ಹೋಂವರ್ಕ್ ಟ್ಯೂಷನ್ ಟೀಚರ್ ಕೈ ಸೇರಿರುತ್ತದೆ. ಈ ಮೂರು ವರ್ಷದ ಪಾಠಗಳನ್ನು ಒಮ್ಮೆ ತಿರುವಿ ನೋಡಿದರೆ ಅಷ್ಟೊಂದು ಅಳುಕಬೇಕಿಲ್ಲ ಎಂಬುದು ಗೊತ್ತಾಗುತ್ತದೆ. ಹೆಸರುಗಳು ಹೊಸವು, ವಿಷಯದ ಬಹುಪಾಲು ಮನೆಯಲ್ಲೇ ಇದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ 6, 7 ಮತ್ತು 8ನೇ ತರಗತಿಗಳು ಸೇರಿ ಮಧ್ಯಮ ಹಂತ. ಮಕ್ಕಳ ವಯಸ್ಸು 11ರಿಂದ 14. ವಿಜ್ಞಾನ ಪ್ರತ್ಯೇಕ ವಿಷಯವಾಗುವುದು ಇಲ್ಲಿಂದಲೇ. ಸಿಬಿಎಸ್‌ಇ ಶಾಲೆಗಳಲ್ಲಿ ಈಗಿರುವುದು ಎನ್‌ಸಿಇಆರ್‌ಟಿಯ ಹೊಸ ಪುಸ್ತಕ ‘ಕ್ಯೂರಿಯಾಸಿಟಿ’. 6ನೇ ತರಗತಿಯದು 2024ರಲ್ಲಿ, 7 ಮತ್ತು 8ನೇ ತರಗತಿಯವು 2025ರಲ್ಲಿ ಬಂದವು. ಮೊದಲ ಎರಡರಲ್ಲಿ ತಲಾ 12 ಅಧ್ಯಾಯ, ಎಂಟನೆಯದರಲ್ಲಿ 13. ಐಸಿಎಸ್‌ಇ ಶಾಲೆಗಳಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳು ಬೇರೆ ಬೇರೆ ಪುಸ್ತಕಗಳಾಗಿರುತ್ತವೆ. ಮಹಾರಾಷ್ಟ್ರದ ಬಾಲಭಾರತಿ ತನ್ನ ಪಠ್ಯಪುಸ್ತಕಗಳನ್ನು ಕನ್ನಡದಲ್ಲೂ ಮುದ್ರಿಸುತ್ತದೆ. ಕ್ರಮ ಹಿಂದೆಮುಂದೆ ಆದರೂ ಕಲಿಯುವ ವಿಷಯ ಎಲ್ಲೆಡೆ ಹೆಚ್ಚುಕಡಿಮೆ ಒಂದೇ.

ಆರನೇ ತರಗತಿಯಲ್ಲಿ ಜೀವಿಗಳ ವೈವಿಧ್ಯ, ಆಹಾರ, ಆಯಸ್ಕಾಂತ, ಉದ್ದದ ಅಳತೆ, ತಾಪಮಾನ, ನೀರಿನ ಸ್ಥಿತಿಗಳು ಬರುತ್ತವೆ. ಮನೆಮಾತಿಗೆ ಅತಿ ಹತ್ತಿರವಾದದ್ದು ವಸ್ತುಗಳನ್ನು ಬೇರ್ಪಡಿಸುವ ಪಾಠ. ಹ್ಯಾಂಡ್‌ಪಿಕಿಂಗ್, ವಿನೋಯಿಂಗ್, ಸೀವಿಂಗ್, ಡಿಕ್ಯಾಂಟೇಶನ್, ಫಿಲ್ಟ್ರೇಶನ್, ಚರ್ನಿಂಗ್ ಎಂದು ಮಕ್ಕಳು ಉರು ಹೊಡೆಯುವುದು ಮತ್ತೇನಲ್ಲ: ಕಲ್ಲು ಆರಿಸುವುದು, ಮೊರದಲ್ಲಿ ಕೇರುವುದು, ಜರಡಿ ಹಿಡಿಯುವುದು, ಅಕ್ಕಿ ತೊಳೆದ ನೀರನ್ನು ಪಾತ್ರೆ ವಾಲಿಸಿ ಬಗ್ಗಿಸುವುದು, ಕಾಫಿ ಸೋಸುವುದು, ಮಜ್ಜಿಗೆ ಕಡೆಯುವುದು. ಪ್ರತಿಯೊಂದು ವಿಧಾನವೂ ವಸ್ತುಗಳ ಯಾವುದೋ ಒಂದು ವ್ಯತ್ಯಾಸವನ್ನು ಬಳಸಿಕೊಳ್ಳುತ್ತದೆ. ಕೇರುವಾಗ ಹೊಟ್ಟು ಹಗುರ, ಕಾಳು ಭಾರ. ಜರಡಿಯಲ್ಲಿ ಗಾತ್ರ ಬೇರೆ. ಪರೀಕ್ಷೆಯಲ್ಲಿ ಕೇಳುವುದೂ ಈ ಕಾರಣವನ್ನೇ.

ಏಳನೇ ತರಗತಿಯಲ್ಲಿ ಆಮ್ಲ-ಪ್ರತ್ಯಾಮ್ಲ, ವಿದ್ಯುತ್ ಮಂಡಲ, ಲೋಹ-ಅಲೋಹ, ಉಷ್ಣ, ಹದಿಹರೆಯ, ಪ್ರಾಣಿ ಮತ್ತು ಸಸ್ಯಗಳ ಜೀವಕ್ರಿಯೆ, ನೆರಳು-ಬೆಳಕು. ಬಿಳಿ ಅಂಗಿಯ ಮೇಲಿನ ಸಾರಿನ ಕಲೆ ಸೋಪು ತಾಗಿದೊಡನೆ ಕೆಂಪಾಗುವುದನ್ನು ಎಲ್ಲ ಅಮ್ಮಂದಿರೂ ಕಂಡಿದ್ದಾರೆ. ಅರಿಶಿನ ಪ್ರತ್ಯಾಮ್ಲಕ್ಕೆ ತೋರುವ ಬದಲಾವಣೆ ಅದು. ಆದರೆ ನಿಂಬೆರಸಕ್ಕೆ ಅರಿಶಿನ ಹಳದಿಯಾಗಿಯೇ ಉಳಿಯುತ್ತದೆ. ಆಮ್ಲವನ್ನೂ ಗುರುತಿಸಬೇಕಾದರೆ ಕೆಂಪು ದಾಸವಾಳವನ್ನು ಬಿಸಿನೀರಿನಲ್ಲಿ ನೆನೆಸಿ ಸೋಸಿಟ್ಟುಕೊಳ್ಳಬೇಕು. ಆ ನೀರು ನಿಂಬೆರಸಕ್ಕೆ ಕಡು ಗುಲಾಬಿಯಾಗುತ್ತದೆ, ಸೋಪಿನ ನೀರಿಗೆ ಹಸಿರು.

ಇದೇ ತರಗತಿಯಲ್ಲಿ ಮಕ್ಕಳು ಎಡವುವ ಒಂದು ಜಾಗವಿದೆ. ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ ಎಂದು ಅನೇಕರು ಬರೆಯುತ್ತಾರೆ, ದೊಡ್ಡವರಲ್ಲೂ ಹಾಗೆ ನಂಬಿದವರು ಕಡಿಮೆಯಿಲ್ಲ. ಭೂಮಿ ಸೂರ್ಯನಿಗೆ ಅತಿ ಸಮೀಪ ಇರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ದೆಹಲಿ ಗಡಗಡ ನಡುಗುವ ಹೊತ್ತಿನಲ್ಲಿ! ಋತುಗಳಿಗೆ ಕಾರಣ ಭೂಮಿಯ ಅಕ್ಷದ ಓರೆ.

ಎಂಟನೇ ತರಗತಿ ನಿಜಕ್ಕೂ ಒಂದು ಮೆಟ್ಟಿಲು ಮೇಲಿದೆ. ಸೂಕ್ಷ್ಮಜೀವಿಗಳ ಪಾಠ ಸುಲಭ. ಮುಂಬೈಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಹುದುಗುವ ದೋಸೆ ಹಿಟ್ಟು ದೆಹಲಿಯ ಚಳಿಗಾಲದಲ್ಲಿ ಹಾಗೇ ಕೂತಿರುವುದೇಕೆ ಎಂದು ಕೇಳಿದರೆ ಅರ್ಧ ಪಾಠ ಮುಗಿಯಿತು. ಕಷ್ಟವಿರುವುದು ವಸ್ತುಗಳೆಲ್ಲ ಕಣಗಳಿಂದ ಆಗಿವೆ ಎಂಬ ಅಧ್ಯಾಯದಲ್ಲಿ. ಕಣ್ಣಿಗೆ ಕಾಣದ್ದನ್ನು ಊಹಿಸಿಕೊಂಡು, ಆ ಊಹೆಯಿಂದ ಕಾಣುವುದನ್ನು ವಿವರಿಸಬೇಕು. ಮುಂದಿನ ತರಗತಿಗಳ ರಸಾಯನಶಾಸ್ತ್ರವೆಲ್ಲ ಇದರ ಮೇಲೆ ನಿಂತಿದೆ, ಹಾಗಾಗಿ ಇಲ್ಲಿ ಅವಸರ ಬೇಡ.

ಮನೆಯ ಕನ್ನಡ ಕೈಕೊಡುವುದೂ ಇಲ್ಲೇ. ಐಸ್ ‘ಕರಗಿತು’, ಸಕ್ಕರೆಯೂ ‘ಕರಗಿತು’ ಎನ್ನುತ್ತೇವೆ. ವಿಜ್ಞಾನಕ್ಕೆ ಇವೆರಡೂ ಬೇರೆ. ಐಸ್ ಶಾಖದಿಂದ ಘನದಿಂದ ದ್ರವಕ್ಕೆ ತಿರುಗುತ್ತದೆ, ಅದಕ್ಕೆ ಎರಡನೇ ವಸ್ತು ಬೇಕಿಲ್ಲ. ಸಕ್ಕರೆಯ ಕಣಗಳು ನೀರಿನ ಕಣಗಳ ನಡುವೆ ಹರಡಿಕೊಳ್ಳುತ್ತವೆ. ಒಂದು ಮೆಲ್ಟ್, ಇನ್ನೊಂದು ಡಿಸಾಲ್ವ್. ‘ಬಲ’ ಮತ್ತು ‘ಶಕ್ತಿ’ ಎಂಬ ಮಾತುಗಳೂ ಹೀಗೆಯೇ: ದಿನಬಳಕೆಯಲ್ಲಿ ಒಂದರ ಬದಲು ಇನ್ನೊಂದು ನಡೆಯುತ್ತದೆ, ಪಾಠದಲ್ಲಿ ಬಲ ಎಂದರೆ ಫೋರ್ಸ್, ಶಕ್ತಿ ಎಂದರೆ ಎನರ್ಜಿ. ತರಕಾರಿ ಅಂಗಡಿಯ ‘ಒಂದು ಕೆ.ಜಿ. ತೂಕ’ ಪುಸ್ತಕದ ಪ್ರಕಾರ ದ್ರವ್ಯರಾಶಿ. ತೂಕವನ್ನು ಅಳೆಯುವುದು ನ್ಯೂಟನ್‌ಗಳಲ್ಲಿ.

ಎಂಟನೇ ತರಗತಿಯ ಇನ್ನೊಂದು ಅಧ್ಯಾಯ ಚಂದ್ರನ ಕಲೆಗಳು ಮತ್ತು ಕಾಲಗಣನೆಯದು. ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣಗಾಗುತ್ತಾನೆ ಎಂಬುದು ತಪ್ಪು, ಆ ನೆರಳು ಬೀಳುವುದು ಚಂದ್ರಗ್ರಹಣದ ದಿನ ಮಾತ್ರ. ಬೆಳಗಿದ ಅರ್ಧಭಾಗದಲ್ಲಿ ನಮಗೆ ಕಾಣುವ ಪಾಲು ದಿನದಿನಕ್ಕೆ ಬದಲಾಗುತ್ತದೆ, ಅಷ್ಟೇ. ಚೆನ್ನೈನ ಕನ್ನಡ ಮಕ್ಕಳಿಗೆ ಇಲ್ಲಿ ಕೇಳಲು ಒಳ್ಳೆಯ ಪ್ರಶ್ನೆಯಿದೆ: ತಮಿಳರ ಹೊಸ ವರ್ಷ ಪ್ರತಿಸಲ ಏಪ್ರಿಲ್ 14ರ ಆಸುಪಾಸಿನಲ್ಲೇ ಬರುವಾಗ ನಮ್ಮ ಯುಗಾದಿ ಯಾಕೆ ಜಾಗ ಬದಲಿಸುತ್ತದೆ? ಅವರದು ಸೌರಮಾನ. ನಮ್ಮ ತಿಂಗಳುಗಳು ಚಂದ್ರನವು. ಹನ್ನೆರಡು ಸೇರಿದರೆ ಸುಮಾರು 354 ದಿನ, ಸೌರವರ್ಷಕ್ಕಿಂತ 11 ದಿನ ಕಡಿಮೆ. 2025ರಲ್ಲಿ ಮಾರ್ಚ್ 30ಕ್ಕಿದ್ದ ಯುಗಾದಿ 2026ರಲ್ಲಿ ಮಾರ್ಚ್ 19ಕ್ಕೆ ಬಂದದ್ದು ಅದಕ್ಕೇ. ಆ ವರ್ಷದ ಪಂಚಾಂಗದಲ್ಲಿ ಅಧಿಕ ಜ್ಯೇಷ್ಠ ಸೇರಿಕೊಂಡಿರುವುದರಿಂದ 2027ರ ಯುಗಾದಿ ಮತ್ತೆ ಏಪ್ರಿಲ್ 7ಕ್ಕೆ ಸರಿಯುತ್ತದೆ.