‘ನಿಧನ’ದಲ್ಲಿ ಧನವಿಲ್ಲ

ಪತ್ರಿಕೆಗಳಲ್ಲಿ ದಿನವೂ ಕಾಣುವ ‘ನಿಧನ’ ಶಬ್ದವನ್ನು ‘ಜೀವವೆಂಬ ಧನ ಇಲ್ಲವಾಗುವುದು’ ಎಂದು ಬಿಡಿಸಿ ಹೇಳುವವರಿದ್ದಾರೆ. ಉಪನ್ಯಾಸಕ್ಕೆ ಇದು ಸೊಗಸು, ವ್ಯುತ್ಪತ್ತಿಗೆ ಸಲ್ಲದು. ಬಡತನದ ಅರ್ಥದ ‘ನಿಧನ’ ಸಂಸ್ಕೃತದಲ್ಲಿ ಇಲ್ಲದಿಲ್ಲ. ‘ಮೃಚ್ಛಕಟಿಕ’ದಲ್ಲಿ ‘ನಿಧನತಾ’ ಎಂದರೆ ದಾರಿದ್ರ್ಯವೇ. ಆದರೆ ಅದು ರೂಪದಲ್ಲಷ್ಟೇ ಒಂದಾಗಿರುವ ಬೇರೆ ಶಬ್ದ.

ಸಾವಿನ ‘ನಿಧನ’ಕ್ಕೆ ಮೂಲ ‘ನಿ’ ಉಪಸರ್ಗ ಸೇರಿದ ‘ಧಾ’ ಧಾತು: ಕೆಳಗಿಡು, ಇರಿಸು. ಉಣಾದಿ ಸೂತ್ರ ಇದಕ್ಕೆ ‘ಕ್ಯು’ ಪ್ರತ್ಯಯ ಹೇಳುತ್ತದೆ. ಆ ಪ್ರತ್ಯಯ ಹತ್ತಿದಾಗ ಧಾತುವಿನ ದೀರ್ಘ ಲೋಪವಾಗಿ ‘ನಿಧನ’ ಸಿದ್ಧಿಸುತ್ತದೆ. ‘ಲ್ಯುಟ್’ ಹತ್ತಿದರೆ ದೀರ್ಘ ಉಳಿದು ‘ನಿಧಾನ’. ‘ನಿಧಿ’, ‘ಸಮಾಧಿ’, ‘ಸಮಾಧಾನ’ಗಳೂ ಇದೇ ಧಾತುವಿನ ಸಂತಾನ.

ಅಥರ್ವವೇದದಲ್ಲಿ ‘ನಿಧನ’ಕ್ಕೆ ನೆಲೆ, ಇರುವ ತಾಣ ಎಂಬ ಅರ್ಥವಿದೆ. ಸಾಮಗಾನದಲ್ಲಿ ಅದು ಪಾರಿಭಾಷಿಕ. ಪ್ರಸ್ತೋತೃ, ಉದ್ಗಾತೃ, ಪ್ರತಿಹರ್ತೃ ತಮ್ಮ ತಮ್ಮ ಭಾಗಗಳನ್ನು ಬೇರೆಬೇರೆಯಾಗಿ ಹಾಡಿದ ಮೇಲೆ, ಮೂವರೂ ಒಟ್ಟಾಗಿ ಹಾಡಿ ಮುಗಿಸುವ ಕೊನೆಯ ಭಾಗವೇ ನಿಧನ. ಛಾಂದೋಗ್ಯೋಪನಿಷತ್ತಿನ ಎರಡನೆಯ ಅಧ್ಯಾಯ ಋತುಗಳನ್ನು ಸಾಮಕ್ಕೆ ಹೊಂದಿಸುವಾಗ ಹೇಮಂತಕ್ಕೆ ಈ ಸ್ಥಾನ ಕೊಡುತ್ತದೆ. ನಮ್ಮ ಪ್ರಶ್ನೆಗೆ ಹೆಚ್ಚು ಬೆಳಕು ಚೆಲ್ಲುವುದು ಅದೇ ಅಧ್ಯಾಯದ ಒಂಬತ್ತನೆಯ ಖಂಡ. ಸೂರ್ಯ ಆಗಷ್ಟೇ ಅಸ್ತಮಿಸಿದ ಹೊತ್ತು ನಿಧನ; ಅದು ಪಿತೃಗಳ ಪಾಲು; ಆದ್ದರಿಂದಲೇ ಅವರನ್ನು ‘ಇಡುತ್ತಾರೆ’ ಎನ್ನುತ್ತದೆ ಅದು. ‘ಇಡು’ ಎಂಬುದಕ್ಕೆ ಅಲ್ಲಿರುವುದು ‘ನಿ-ಧಾ’ದ ಕ್ರಿಯಾರೂಪವೇ. ನಾಮ, ಕ್ರಿಯೆ, ಗತಿಸಿದವರು ಮೂರೂ ಒಂದೇ ವಾಕ್ಯಸರಣಿಯಲ್ಲಿ ಸಿಗುವಾಗ ಧನದ ಕಥೆಗೆ ಜಾಗವೆಲ್ಲಿ?

ಅಮರಕೋಶದ ಹೊತ್ತಿಗೆ ಮರಣದ ಪರ್ಯಾಯಗಳ ಸಾಲಿನಲ್ಲಿ ‘ನಿಧನ’ ನೆಲೆಯಾಗಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಹಳೆಯ ಶಾಸನಗಳು ಮಾತ್ರ ಸಲ್ಲೇಖನದ ಸಾವಿಗೆ ‘ಮುಡಿಪು’ ಎಂಬ ಕನ್ನಡ ಕ್ರಿಯಾಪದವನ್ನು ಬಳಸುತ್ತವೆ.

ಇನ್ನು ‘ನಿಧನರಾದರು’. ‘ಮೃತ’, ‘ದಿವಂಗತ’ಗಳು ವ್ಯಕ್ತಿಗೆ ವಿಶೇಷಣವಾಗಬಲ್ಲವು, ‘ನಿಧನ’ ಘಟನೆಯ ಹೆಸರು. ಹಾಗಾಗಿ ‘ನಿಧನ ಹೊಂದಿದರು’ ಎಂಬುದೇ ಶುದ್ಧ ಎನ್ನುವವರ ವಾದಕ್ಕೆ ಸಂಸ್ಕೃತ ವ್ಯಾಕರಣದ ಬಲವಿದೆ. ಆದರೆ ‘ಮೃತರಾದರು’ ಎಂಬುದರ ಸಾದೃಶ್ಯದಿಂದ ಹುಟ್ಟಿ ಬಳಕೆಯಲ್ಲಿ ಗಟ್ಟಿಗೊಂಡ ‘ನಿಧನರಾದರು’ ಈಗ ಕನ್ನಡದ್ದೇ ಪ್ರಯೋಗ. ಅದನ್ನು ತಿದ್ದಬೇಕಾಗಿಲ್ಲ.